ಅರೇಂಜರ್ ಕೀಬೋರ್ಡ್

ಎಡಗೈ ಹಿಡಿದ ಕಾರ್ಡ್‌ಗೆ (ಸ್ವರಗುಚ್ಛಕ್ಕೆ) ತಕ್ಕಂತೆ ತಾಳ, ಬಾಸ್, ಹಿನ್ನೆಲೆ ವಾದ್ಯಗಳನ್ನು ತಾನೇ ನುಡಿಸುವ ವಿದ್ಯುನ್ಮಾನ ವಾದ್ಯ. ಯಮಹಾದ ಜೆನೋಸ್ (2017) ನಂತರ ಬಂದ 76 ಕೀಲಿಗಳ ಜೆನೋಸ್2 (2023) ಎಫ್‌ಎಂ (ಫ್ರೀಕ್ವೆನ್ಸಿ ಮಾಡ್ಯುಲೇಷನ್) ದನಿಗಳನ್ನು ಸೇರಿಸಿಕೊಂಡಿತು. ಹೊಸ ಮಾದರಿಯನ್ನು ದನಿಗಳ ಸಂಖ್ಯೆಯಿಂದ ಅಳೆಯುವುದು ಮಾತ್ರ ಸರಿಯಲ್ಲ. ಬೆಂಗಳೂರಿನ ದೊಮ್ಮಲೂರು, ಹಲಸೂರಿನಂಥ ಬಡಾವಣೆಗಳ ಗಣೇಶೋತ್ಸವ, ರಾಜ್ಯೋತ್ಸವದ ವೇದಿಕೆಯಲ್ಲಿ ಒಂದೇ ಸಂಜೆ ಕನ್ನಡ, ತಮಿಳು, ಹಿಂದಿ ಹಾಡುಗಳನ್ನು ನುಡಿಸುವವರಿಗೆ ಬೇಕಾದದ್ದು ಗಾಯಕರ ಶ್ರುತಿಗೆ ತಟ್ಟನೆ ಬದಲಾಗುವ ಟ್ರಾನ್ಸ್‌ಪೋಸ್, ಸ್ವರಸ್ಥಾನ ತಿದ್ದುವ ಸ್ಕೇಲ್ ಟ್ಯೂನಿಂಗ್, ಸ್ವಂತ ಸ್ಟೈಲ್ (ಹಿನ್ನೆಲೆ ನುಡಿಸಾಣಿಕೆಯ ಮಾದರಿ) ಕಟ್ಟುವ ಅವಕಾಶ. ಯಮಹಾ ಭಾರತಕ್ಕೆಂದೇ ರೂಪಿಸಿದ ಪಿಎಸ್‌ಆರ್-ಐ500ರ ತಬಲಾ–ತಂಬೂರಿ ಸಾಥ್ ಈ ಅಗತ್ಯವನ್ನು ಗುರುತಿಸಿದೆ.

ಅರೇಂಜರ್ ಕೀಬೋರ್ಡ್ ತಾಳವಾದ್ಯದವರ ಅನ್ನ ಕಸಿಯುತ್ತದೆಂಬ ಆಕ್ಷೇಪ ನಿಜಕ್ಕೂ ಗಂಭೀರವಾದದ್ದು; ಸಣ್ಣ ಕಾರ್ಯಕ್ರಮಗಳಲ್ಲಿ ಹಾಗೆ ಆಗುವುದುಂಟು. ಆದರೆ ಗಾಯಕಿ ಆಲಾಪವನ್ನು ಎಳೆದಾಗ ಕಾದು ನಿಲ್ಲುವ ವಿವೇಕ ಸ್ಟೈಲ್‌ಗಿಲ್ಲ. ಅಲ್ಲಿ ತಬಲಾ, ರಿದಮ್ ಪ್ಯಾಡ್ ಕಲಾವಿದರೇ ಬೇಕು.