ತಾಮ್ರದ ಸುರುಳಿಯ ಚರಿತ್ರೆ

ಶಾಲೆಯ ಕಟ್ಟಡ, ದಾನಿಗಳು ಹಾಗೂ ಗುರುಪರಂಪರೆಯನ್ನು ಕುರಿತು ಈ ಸ್ಮರಣ ಸಂಚಿಕೆಯಲ್ಲಿ ಹಿರಿಯರು ಬರೆದಿದ್ದಾರೆ. ನಾವು ನಮ್ಮ ವಿಜ್ಞಾನದ ಕಪಾಟಿನಲ್ಲಿರುವ ಒಂದು ತಾಮ್ರದ ಸುರುಳಿಯನ್ನು ಕುರಿತು ಬರೆಯಬಯಸುತ್ತೇವೆ. ಅದರೊಳಗೆ ದಂಡಕಾಂತವನ್ನು ತೂರಿಸಿ ಹೊರಗೆಳೆದರೆ ಗ್ಯಾಲ್ವನೋಮೀಟರಿನ ಮುಳ್ಳು ಓಲಾಡುವುದನ್ನು ಕರಜಗಿಯ ಎಷ್ಟೋ ತಂಡಗಳ ಮಕ್ಕಳು ಬೆರಗಿನಿಂದ ನೋಡಿದ್ದಾರೆ.

ಕೆಲವು ವರ್ಷಗಳ ಹಿಂದೆ ಪಾಲಕರೊಬ್ಬರು ಆಸ್ಪತ್ರೆಯ ಕಾಗದವೊಂದನ್ನು ಹಿಡಿದು ಶಾಲೆಗೆ ಬಂದರು. ಅವರ ಮಗಳು ನಮ್ಮ ಹಳೆಯ ವಿದ್ಯಾರ್ಥಿನಿ. ಖಿನ್ನತೆಗೆ ಔಷಧಗಳಿಂದ ಗುಣ ಕಾಣದಿರಲು, ವೈದ್ಯರು ಕಾಂತದ ಚಿಕಿತ್ಸೆಯನ್ನು ಸೂಚಿಸಿದ್ದರು. “ಇದು ಶಾಕ್ ಕೊಡುವುದೇ? ಅಥವಾ ಜಾತ್ರೆಯಲ್ಲಿ ಮಾರುವ ಕಾಂತದ ಬಳೆಯಂಥದ್ದೇ?” ಎಂದು ಅವರು ಕೇಳಿದರು. ಅದರ ಮೂಲತತ್ತ್ವವನ್ನು ವರ್ಷಗಟ್ಟಲೆ ಕಲಿಸಿದ್ದ ನಮಗೆ ಅಂದು ಉತ್ತರ ಹೊಳೆಯಲಿಲ್ಲ. ಅನಂತರ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಬದಲಾಗುವ ಕಾಂತಕ್ಷೇತ್ರವು ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದನು. 1896ರಲ್ಲಿ ಫ್ರಾನ್ಸಿನ ದಾರ್ಸನ್ವಾಲ್, ದೊಡ್ಡ ಸುರುಳಿಯೊಳಗೆ ತಲೆಯಿಟ್ಟವರಿಗೆ ಕಣ್ಣಮುಂದೆ ಬೆಳಕಿನ ಮಿನುಗು ಕಾಣುವುದೆಂದು ವರದಿ ಮಾಡಿದನು. 1980ರಲ್ಲಿ ಇಂಗ್ಲೆಂಡಿನ ಮರ್ಟನ್ ಮತ್ತು ಮಾರ್ಟನ್ ನೆತ್ತಿಯ ಮೇಲಿಂದ ವಿದ್ಯುತ್ ಹರಿಸಿ ಮಿದುಳನ್ನು ಪ್ರಚೋದಿಸಿದರಾದರೂ ಅದು ನೋವಿನ ವಿಧಾನವಾಗಿತ್ತು. 1985ರಲ್ಲಿ ಶೆಫೀಲ್ಡಿನ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ಕಾಂತದ ಮೂಲಕ ಅದೇ ಕಾರ್ಯವನ್ನು ನೋವಿಲ್ಲದೆ ಸಾಧಿಸಿದರು. ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತು ಕ್ಷಣಾರ್ಧದಲ್ಲಿ ಸುರುಳಿಯೊಳಗೆ ಹರಿದಾಗ ಒಂದೆರಡು ಟೆಸ್ಲಾದಷ್ಟು ಪ್ರಬಲವಾದ ಕ್ಷೇತ್ರವು ಎದ್ದು ಅಡಗುತ್ತದೆ. ತಲೆಬುರುಡೆ ಅದನ್ನು ತಡೆಯದು. ಒಳಗಿನ ನರಕೋಶಗಳಲ್ಲಿ ಕಿರುವಿದ್ಯುತ್ತು ಹುಟ್ಟುತ್ತದೆ. ಇಲ್ಲಿ ಗ್ಯಾಲ್ವನೋಮೀಟರಿನ ಮುಳ್ಳಿನ ಸ್ಥಾನದಲ್ಲಿ ರೋಗಿಯ ಹೆಬ್ಬೆರಳು ಮಿಡಿಯುತ್ತದೆ. ಬಳೆಯ ಕಾಂತವಾದರೋ ಬದಲಾಗದೆ ಸುಮ್ಮನಿರುವುದರಿಂದ ಇಂಥ ವಿದ್ಯುತ್ತನ್ನು ಹುಟ್ಟಿಸಲಾರದು.

ಮೊದಲ ಯಂತ್ರಗಳಿಗೆ ಮೂರು ಕೊರತೆಗಳಿದ್ದವು. ದುಂಡು ಸುರುಳಿಯ ಪ್ರಭಾವ ಹೆಚ್ಚು ಜಾಗಕ್ಕೆ ಹರಡುತ್ತಿತ್ತು; 1988ರಲ್ಲಿ ಜಪಾನಿನ ಉಎನೊ ತಂಡವು ಇಂಗ್ಲಿಷಿನ ಎಂಟರ ಅಂಕಿಯಾಕಾರದ ಜೋಡಿ ಸುರುಳಿಯಿಂದ ಅದನ್ನು ಒಂದೆಡೆಗೆ ಕೇಂದ್ರೀಕರಿಸಿತು. ಮಿಡಿತಗಳನ್ನು ಬೇಗಬೇಗನೆ ಕೊಡಲು ಆಗುತ್ತಿರಲಿಲ್ಲ. ವಿದ್ಯುತ್ತಿನ ಹೆಚ್ಚಿನಂಶವನ್ನು ಮರಳಿ ಕೆಪಾಸಿಟರಿಗೆ ತುಂಬುವ ಮಂಡಲಗಳು ಆ ತೊಡಕನ್ನು ನೀಗಿದವು. ಸುರುಳಿ ಕಾಯುತ್ತಿತ್ತು, ಗಾಳಿ ಅಥವಾ ದ್ರವದಿಂದ ತಂಪುಗೊಳಿಸುವ ಸುರುಳಿಗಳು ಬಂದವು. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಖಿನ್ನತೆಗೆ ಇದನ್ನು ಬಳಸಲು ಅನುಮತಿಸಿತು. 2018ರಲ್ಲಿ ಕೆನಡಾದ 414 ರೋಗಿಗಳ ಅಧ್ಯಯನವೊಂದು, ಮೂರು ನಿಮಿಷದ ಹೊಸ ಕ್ರಮವು ಮೂವತ್ತೇಳೂವರೆ ನಿಮಿಷದ ಹಳೆಯ ಕ್ರಮಕ್ಕಿಂತ ಕಡಿಮೆಯಲ್ಲವೆಂದು ಕಂಡುಕೊಂಡಿತು.

ನಮ್ಮ ನುಡಿಯ ನಾಡಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಈ ಚಿಕಿತ್ಸೆಯನ್ನು ನೀಡುತ್ತಿದೆ, ಸಂಶೋಧನೆಯನ್ನೂ ನಡೆಸುತ್ತಿದೆ. ರೋಗಿಯು ಎಚ್ಚರವಾಗಿಯೇ ಕುಳಿತಿರುತ್ತಾನೆ, ಅರಿವಳಿಕೆ ಬೇಡ. ತಲೆನೋವು ಬರಬಹುದು, ಅಪರೂಪಕ್ಕೆ ಸೆಳವೂ ಬರಬಹುದು. ತಲೆಯಲ್ಲಿ ಲೋಹದ ಸಾಧನವಿರುವವರು ಮೊದಲೇ ತಿಳಿಸಬೇಕು. ಎಲ್ಲರಿಗೂ ಗುಣವಾಗುತ್ತದೆಂಬ ಭರವಸೆಯಿಲ್ಲ. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಹೋಗಬೇಕು. ಯಂತ್ರ ಸುಧಾರಿಸಿ ಚಿಕಿತ್ಸೆಯ ವೇಳೆಯೇನೋ ತಗ್ಗಿತು. ಹಳ್ಳಿಯಿಂದ ಆಸ್ಪತ್ರೆಯ ದಾರಿ ತಗ್ಗಲಿಲ್ಲ. ಅಷ್ಟು ದಿನದ ಕೂಲಿ ಬಿಟ್ಟು ಜೊತೆಗೆ ಹೋಗುವವರಾರು ಎಂಬ ಪ್ರಶ್ನೆಗೆ ಯಾವ ಸುರುಳಿಯೂ ಉತ್ತರಿಸದು.

ಆ ಮಗಳ ಮುಂದಿನ ಸಂಗತಿ ಅವಳ ಮನೆಯ ಮಾತು. ಅದನ್ನಿಲ್ಲಿ ಬರೆಯುವುದು ತರವಲ್ಲ. ಆದರೆ ಅವಳ ತಂದೆ ನಾಚದೆ ಬಂದು ಕನ್ನಡದಲ್ಲಿ ಕೇಳಿದರೆಂಬುದನ್ನು ನಾವು ಮರೆಯಲಾರೆವು. ಮನಸ್ಸಿನ ಬೇನೆಯನ್ನು ಮುಚ್ಚಿಡುವ ಮನೆಗಳಿಗೆ ಅದೊಂದು ಮೇಲ್ಪಂಕ್ತಿ. ಹಾಗೆ ಕೇಳಲು ಬಯಸುವವರು ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಈಗ ಸುರುಳಿಯ ಪಾಠ ಬಂದಾಗಲೆಲ್ಲ ಈ ಚಿಕಿತ್ಸೆಯ ಕುರಿತೂ ಎರಡು ಮಾತು ಸೇರಿಸುತ್ತೇವೆ. ಮುಂದೆ ಯಾವ ಪಾಲಕರಾದರೂ ಅಂಥ ಕಾಗದ ಹಿಡಿದು ನಿಂತರೆ, ಉತ್ತರ ಹೇಳಬಲ್ಲ ಮಕ್ಕಳು ಅವರ ಮನೆಯಲ್ಲೇ ಇರಲಿ ಎಂಬುದು ನಮ್ಮ ಆಶಯ.