ಮಂಗಳನ ಬತ್ತಿದ ಹೊಳೆಗಳು



ಬೇಸಿಗೆ ರಜೆಯಲ್ಲಿ ಪುಣೆಯಿಂದಲೋ ಹೈದರಾಬಾದಿನಿಂದಲೋ ಊರಿನ ಕಡೆ ರೈಲು ಹತ್ತಿದಾಗ ಕಿಟಕಿಯಾಚೆ ಒಣಗಿದ ಹಳ್ಳಗಳನ್ನು ನೀವು ನೋಡಿರುತ್ತೀರಿ. ಹನಿ ನೀರಿಲ್ಲ. ಆದರೂ ಅದು ಹಳ್ಳವೆಂದು ಯಾರೂ ನಿಮಗೆ ಹೇಳಿಕೊಡಬೇಕಿಲ್ಲ. ಕೊರೆದ ದಂಡೆ, ತಿರುವಿನ ಒಳಬದಿಯಲ್ಲಿ ಕೂತ ಮರಳು, ಉರುಳಿ ಉರುಳಿ ನುಣುಪಾದ ದುಂಡುಕಲ್ಲು, ಇವೇ ಸಾಕ್ಷಿ. ಇದೇ ಸಾಕ್ಷಿಯನ್ನು ಹಿಡಿದು ಕೋಟ್ಯಂತರ ಕಿಲೋಮೀಟರ್ ದೂರದ ಗ್ರಹವೊಂದರ ಹಳೆಯ ಹವೆಯನ್ನು ತಿಳಿಯಬಹುದೇ? ನಮ್ಮವರು ಜಾತಕದಲ್ಲಿ ಕುಜನನ್ನು ಹುಡುಕುತ್ತಿದ್ದಾಗ, ಆ ಕುಜನ ನೆಲದ ಮೇಲೆ ಮಳೆಯ ಗುರುತು ಹುಡುಕಲು ಹೊರಟವರ ಕಥೆ ಇದು. ಎಡವಿದ್ದೂ ತಿದ್ದಿಕೊಂಡದ್ದೂ ಸೇರಿದರೆ ಸುಮಾರು ನೂರೈವತ್ತು ವರ್ಷಗಳ ಕಥೆ.

ಕಣ್ಣು ಕಂಡ ಕಾಲುವೆಗಳು

1877ರಲ್ಲಿ ಮಂಗಳ ಭೂಮಿಗೆ ಹತ್ತಿರ ಬಂದಿದ್ದ. ಇಟಲಿಯ ಮಿಲಾನ್ ನಗರದ ಖಗೋಳಜ್ಞ ಜೊವಾನ್ನಿ ಸ್ಕಿಯಾಪರೆಲ್ಲಿ ದೂರದರ್ಶಕದಲ್ಲಿ ಅದನ್ನು ನೋಡುತ್ತಾ, ಕಂಡ ಗೆರೆಗಳನ್ನು ನಕ್ಷೆಗಿಳಿಸಿ 'ಕನಾಲಿ' ಎಂದು ಕರೆದರು. ಇಟಾಲಿಯನ್ ಭಾಷೆಯಲ್ಲಿ ಈ ಪದಕ್ಕೆ ತಾನಾಗಿ ಆದ ಜಲಮಾರ್ಗ ಎಂಬ ಅರ್ಥವೂ ಉಂಟು. ಇಂಗ್ಲಿಷಿಗೆ ಹೋಗುವಾಗ ಮಾತ್ರ ಅದು ಯಾರೋ ತೋಡಿದ ಕಾಲುವೆಯಾಯಿತು. ಅಮೆರಿಕದ ಶ್ರೀಮಂತ ಪರ್ಸಿವಲ್ ಲೊವೆಲ್ 1894ರಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ವೀಕ್ಷಣಾಲಯವನ್ನೇ ಕಟ್ಟಿಸಿದರು. ಮಂಗಳ ಒಣಗುತ್ತಿರುವ ಗ್ರಹ, ಅಲ್ಲಿನ ಜನ ಧ್ರುವದ ಹಿಮ ಕರಗಿದ ನೀರನ್ನು ಕಾಲುವೆಗಳಲ್ಲಿ ತಂದು ಬದುಕುತ್ತಿದ್ದಾರೆ ಎಂಬುದು ಅವರ ವಾದ.

ನೋಡಿ, ಇದೂ ನೆಲದ ಗೆರೆ ನೋಡಿ ಹವೆ ಹೇಳುವ ಪ್ರಯತ್ನವೇ. ಆದರೆ ಗೆರೆಗಳೇ ಅಲ್ಲಿರಲಿಲ್ಲ. ಮಸುಕಾಗಿ ಕಂಡ ಕಲೆಗಳನ್ನು ಕಣ್ಣು ತಾನೇ ಜೋಡಿಸಿ ಗೆರೆ ಮಾಡಿತ್ತು. ಡಾರ್ವಿನ್ನರ ಸಮಕಾಲೀನ ಆಲ್‌ಫ್ರೆಡ್ ರಸೆಲ್ ವಾಲೇಸ್ 1907ರಲ್ಲಿ ಒಂದು ಪುಸ್ತಕವನ್ನೇ ಬರೆದು, ಅಷ್ಟು ಚಳಿಯ, ಅಷ್ಟು ತೆಳುವಾದ ಗಾಳಿಯ ಗ್ರಹದಲ್ಲಿ ತೆರೆದ ಕಾಲುವೆಗಳಲ್ಲಿ ನೀರು ಹರಿಸುವುದು ಅಸಾಧ್ಯವೆಂದು ವಾದಿಸಿದರು. ಆದರೂ ಕಾಲುವೆಗಳ ಮೋಹ ಅರ್ಧ ಶತಮಾನ ಬಿಡಲಿಲ್ಲ.

ಅದನ್ನು ಬಿಡಿಸಿದ್ದು ಕ್ಯಾಮೆರಾ. 1965ರ ಜುಲೈಯಲ್ಲಿ ಮ್ಯಾರಿನರ್ 4 ನೌಕೆ ಮಂಗಳನ ಪಕ್ಕದಲ್ಲೇ ಹಾದುಹೋಗುತ್ತಾ ಇಪ್ಪತ್ತೆರಡು ಚಿತ್ರಗಳನ್ನು ಕಳಿಸಿತು. ಕಾಲುವೆಯಿಲ್ಲ, ಹೊಳೆಯಿಲ್ಲ, ಚಂದ್ರನ ಮೇಲಿರುವಂತೆ ಕುಳಿಗಳೇ ಕುಳಿಗಳು. ಗಾಳಿಯ ಒತ್ತಡ ಭೂಮಿಯದರ ನೂರರಲ್ಲಿ ಒಂದು ಪಾಲೂ ಇಲ್ಲ. ಅಷ್ಟು ಕಡಿಮೆ ಒತ್ತಡದಲ್ಲಿ ನೀರು ಒಂದೋ ಹೆಪ್ಪುಗಟ್ಟುತ್ತದೆ, ಇಲ್ಲವೇ ಆವಿಯಾಗುತ್ತದೆ. ಹರಿಯುವ ಮಾತೇ ಇಲ್ಲ. ಮಂಗಳ ಹುಟ್ಟಿದಾಗಿನಿಂದಲೂ ಸತ್ತ ಗ್ರಹ ಎಂದು ಹಲವರು ತೀರ್ಮಾನಿಸಿಬಿಟ್ಟರು. ಇದು ಇನ್ನೊಂದು ತುದಿಯ ಆತುರ. ಆ ಚಿತ್ರಗಳಲ್ಲಿ ಕಂಡದ್ದು ಗ್ರಹದ ಒಂದು ಸಣ್ಣ ಪಟ್ಟಿ ಮಾತ್ರ.

ಧೂಳು ಇಳಿದ ಮೇಲೆ

1971ರ ನವೆಂಬರಿನಲ್ಲಿ ಮ್ಯಾರಿನರ್ 9 ಮಂಗಳನ ಕಕ್ಷೆ ಸೇರಿತು. ಬೇರೊಂದು ಗ್ರಹವನ್ನು ಸುತ್ತಿದ ಮೊದಲ ನೌಕೆ ಅದು. ಆದರೆ ಹೋದಾಗ ಇಡೀ ಗ್ರಹ ಧೂಳಿನ ಬಿರುಗಾಳಿಯಲ್ಲಿ ಮುಚ್ಚಿಹೋಗಿತ್ತು. ಪಕ್ಕದಲ್ಲಿ ಹಾದುಹೋಗುವ ನೌಕೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇದು ಸುತ್ತುತ್ತಾ ಕಾಯಿತು. ಹೊಸ ವರ್ಷದ ಹೊತ್ತಿಗೆ ಧೂಳು ಇಳಿದಾಗ ಕಂಡದ್ದೇನು? ಬತ್ತಿದ ಹೊಳೆಗಳು!

ಅವು ಎರಡು ಬಗೆಯವು. ಈ ವ್ಯತ್ಯಾಸವನ್ನು ನೀವು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಮೇಲೇ ನಿಂತಿದೆ.

ಒಂದು ಬಗೆ, ಹತ್ತಾರು ಕಿಲೋಮೀಟರ್ ಅಗಲದ ಭಾರೀ ಕಾಲುಹಾದಿಗಳು. ಇವಕ್ಕೆ ಉಪನದಿಗಳಿಲ್ಲ. ಕುಸಿದು ಚೆಲ್ಲಾಪಿಲ್ಲಿಯಾದ ನೆಲದಿಂದ ಪೂರ್ಣ ಅಗಲದಲ್ಲೇ ಹೊರಟುಬಿಡುತ್ತವೆ. ನಡುವೆ ಕಣ್ಣೀರ ಹನಿಯ ಆಕಾರದ ದಿಬ್ಬಗಳು. ಇನ್ನೊಂದು ಬಗೆ ತೀರ ಸಣ್ಣದು. ಮರದ ರೆಂಬೆಗಳಂತೆ ಕವಲೊಡೆದ ಕಣಿವೆಗಳು. ದಿಣ್ಣೆಗಳ ನೆತ್ತಿಯ ಹತ್ತಿರ ಹುಟ್ಟಿ, ಒಂದಕ್ಕೊಂದು ಕೂಡಿಕೊಂಡು ಇಳಿಯುತ್ತವೆ.

ಮೊದಲ ಬಗೆಯ ಗುಟ್ಟು ಬಿಚ್ಚಲು ನೆರವಾದದ್ದು ಭೂಮಿಯ ಮೇಲಿನ ಒಂದು ಹಳೆಯ ಜಗಳ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವಭಾಗದಲ್ಲಿ ಕಪ್ಪುಕಲ್ಲಿನ ನೆಲವನ್ನೇ ಕೊಚ್ಚಿ ತೆಗೆದಂತಹ ಒಣ ಕಣಿವೆಗಳಿವೆ. ಹಾರ್ಲನ್ ಬ್ರೆಟ್ಜ್ ಎಂಬ ಭೂವಿಜ್ಞಾನಿ 1923ರಲ್ಲಿ, ಇವು ಯುಗಗಟ್ಟಲೆ ಸವೆದು ಆದದ್ದಲ್ಲ, ಒಂದು ಮಹಾಪ್ರವಾಹ ಕೊರೆದದ್ದು ಎಂದರು. ಅಷ್ಟು ನೀರು ಎಲ್ಲಿಂದ ಬಂತೆಂದು ಹಿರಿಯರು ಅವರನ್ನು ತರಾಟೆಗೆ ತೆಗೆದುಕೊಂಡರು. ಉತ್ತರ ಸಿಕ್ಕಿದ್ದು ಮೆಲ್ಲಗೆ. ಹಿಮಯುಗದಲ್ಲಿ ಹಿಮದ ಒಡ್ಡು ಕಟ್ಟಿ ನಿಂತಿದ್ದ ಮಿಸ್ಸೌಲಾ ಎಂಬ ಮಹಾಸರೋವರ ಒಡೆದು ಹರಿದಿತ್ತು. ಅದರ ತಳದಲ್ಲಿ ನೀರು ಬಿಟ್ಟುಹೋದ ಅಲೆಗೆರೆಗಳು ಹತ್ತು ಮೀಟರಿನಷ್ಟು ಎತ್ತರವೆಂದು ಜೋಸೆಫ್ ಪಾರ್ಡಿ 1942ರಲ್ಲಿ ಬರೆದರು. ಬ್ರೆಟ್ಜ್‌ಗೆ ಅಮೆರಿಕದ ಭೂವಿಜ್ಞಾನ ಸಂಘದ ಅತ್ಯುನ್ನತ ಪದಕ ಬಂದದ್ದು 1979ರಲ್ಲಿ, ವಯಸ್ಸು ತೊಂಬತ್ತೈದು ದಾಟಿದ ಮೇಲೆ!

ಈ ನಡುವೆ 1974ರಲ್ಲಿ ವಿಕ್ಟರ್ ಬೇಕರ್ ಮತ್ತು ಡೇನಿಯಲ್ ಮಿಲ್ಟನ್ ಎರಡೂ ಗ್ರಹಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಅದೇ ಹನಿಯಾಕಾರದ ದಿಬ್ಬ, ಅದೇ ಗೀರು. ಮಂಗಳನ ಮೇಲೂ ಮಹಾಪ್ರವಾಹಗಳು ಹರಿದಿದ್ದವು.

ಹಾಗಾದರೆ ಮಂಗಳ ಒಂದು ಕಾಲಕ್ಕೆ ಬೆಚ್ಚಗಿತ್ತೇ? ಇಲ್ಲೇ ಎಚ್ಚರ ಬೇಕು. ಪ್ರವಾಹ ಹವೆಯ ಸಾಕ್ಷಿಯಲ್ಲ. ನೆಲದಡಿ ಒತ್ತಿಟ್ಟ ನೀರು ಒಮ್ಮೆಗೇ ಸಿಡಿದರೆ, ಕೊರೆಯುವ ಚಳಿಯಲ್ಲೂ ಮೇಲೆ ಹಿಮದ ಹೆಪ್ಪು ಕಟ್ಟಿಕೊಂಡು ಅಡಿಯಲ್ಲಿ ಹರಿದೀತು. ಕೆಲವೇ ದಿನದ ಕೆಲಸ ಅದು. ಹವೆಯ ಬಗ್ಗೆ ನಿಜವಾಗಿ ಸಾಕ್ಷಿ ನುಡಿಯುವುದು ಆ ಬಡಪಾಯಿ ಸಣ್ಣ ಕಣಿವೆಗಳು. ಅಷ್ಟೊಂದು ಕವಲುಗಳು ದಿಣ್ಣೆಗಳ ಮೇಲಿಂದಲೇ ಹುಟ್ಟಬೇಕಾದರೆ ನೀರು ವಿಶಾಲ ಪ್ರದೇಶದ ಮೇಲೆ ಬೀಳಬೇಕು, ಮಳೆಯಾಗಿಯೋ ಹಿಮವಾಗಿಯೋ. ಮತ್ತೆ ಮತ್ತೆ ಬೀಳಬೇಕು. ಇವು ಹೆಚ್ಚಾಗಿ ಇರುವುದು ದಕ್ಷಿಣಾರ್ಧದ, ಕುಳಿಗಳು ಕಿಕ್ಕಿರಿದ ಹಳೆಯ ನೆಲದಲ್ಲಿ. ಕುಳಿ ಹೆಚ್ಚಿದ್ದಷ್ಟೂ ನೆಲ ಹಳೆಯದು ಎಂಬ ಲೆಕ್ಕದಲ್ಲಿ ಬಹುಪಾಲು ಕಣಿವೆಗಳಿಗೆ ಮುನ್ನೂರೈವತ್ತು ಕೋಟಿ ವರ್ಷಕ್ಕೂ ಮೀರಿದ ವಯಸ್ಸು.

ದುಂಡುಕಲ್ಲು ಮತ್ತು ಬಂಡೆ

ಆಮೇಲೆ ನೆಲಕ್ಕಿಳಿದೇ ನೋಡುವ ಕಾಲ ಬಂತು. 2012ರಲ್ಲಿ ಗೇಲ್ ಕುಳಿಯಲ್ಲಿಳಿದ ಕ್ಯೂರಿಯಾಸಿಟಿ ಬಂಡಿಗೆ ಕೆಲವೇ ವಾರಗಳಲ್ಲಿ ದುಂಡುಕಲ್ಲುಗಳು ಒಟ್ಟುಗೂಡಿ ಗಟ್ಟಿಯಾದ ಬಂಡೆ ಸಿಕ್ಕಿತು. ಗಾಳಿ ಹೊತ್ತೊಯ್ಯಲಾಗದಷ್ಟು ದಪ್ಪದ ಕಲ್ಲುಗಳು. ಪಾದದಿಂದ ಸೊಂಟದವರೆಗಿನ ಆಳದ, ಮನುಷ್ಯ ನಡೆಯುವ ವೇಗದ ಹೊಳೆಯೊಂದು ಅಲ್ಲಿತ್ತೆಂದು ಲೆಕ್ಕ ಹಾಕಿದರು.

2021ರ ಫೆಬ್ರವರಿಯಲ್ಲಿ ಪರ್ಸಿವಿಯರೆನ್ಸ್ ಬಂಡಿ ಇಳಿದದ್ದು 45 ಕಿಲೋಮೀಟರ್ ಅಗಲದ ಜೆಜೆರೊ ಕುಳಿಯಲ್ಲಿ. ಅಲ್ಲಿನ ನದೀಮುಖಜ ಭೂಮಿಯ ದರಿಯನ್ನು ದೂರದಿಂದಲೇ ಚಿತ್ರಿಸಿತು. ಕೆಳಗೆ ಓರೆಯಾದ ನಯವಾದ ಪದರಗಳು: ಶಾಂತವಾದ ಹೊಳೆ ಸರೋವರಕ್ಕೆ ಹೂಳು ತಂದು ಸುರಿದ ಗುರುತು. ಮೇಲೆ ಒಂದು ಮೀಟರಿಗೂ ದೊಡ್ಡ ಬಂಡೆಗಳು: ಆಮೇಲೆ ರಭಸದ ಪ್ರವಾಹಗಳು ಉರುಳಿಸಿ ತಂದದ್ದು. ಮೇಲೆ ಹೇಳಿದ ಎರಡು ಬಗೆಯ ನೀರೂ ಇಲ್ಲಿ ಒಂದರ ಮೇಲೊಂದು ಕೂತಿವೆ. ಹವೆ ಬದಲಾದದ್ದಕ್ಕೆ ಇದೇ ಗುರುತಿರಬಹುದು ಎಂಬುದು ವಿಜ್ಞಾನಿಗಳ ಅನುಮಾನ.

ಎಲ್ಲ ಗೆರೆಯೂ ನೀರಲ್ಲ

ಎಡವುವುದು ನಿಂತಿಲ್ಲ. ಕುಳಿಗಳ ಇಳಿಜಾರಿನಲ್ಲಿ ಬೇಸಿಗೆಗೆ ಮೂಡಿ ಚಳಿಗಾಲಕ್ಕೆ ಮಾಯವಾಗುವ ಕಪ್ಪು ಗೆರೆಗಳು ಹರಿಯುವ ಉಪ್ಪುನೀರಿನವು ಎಂದು 2015ರಲ್ಲಿ ದೊಡ್ಡ ಸುದ್ದಿಯಾಯಿತು. 2017ರ ಅಧ್ಯಯನವೊಂದು ಅವುಗಳ ಇಳಿಜಾರನ್ನು ಅಳೆದು, ಒಣಮರಳು ಜಾರುವ ಕೋನದಲ್ಲೇ ಅವು ನಿಲ್ಲುತ್ತವೆಂದು ತೋರಿಸಿತು. ಹಳೆಯ ಕಣಿವೆಗಳ ವಿಷಯದಲ್ಲೂ ವಾದ ಮುಗಿದಿಲ್ಲ. ಆಗ ಸೂರ್ಯನ ಬೆಳಕು ಇಂದಿನ ಮುಕ್ಕಾಲು ಪಾಲಷ್ಟೇ ಇತ್ತು. ಮಂಗಳ ಬಹುಕಾಲ ಬೆಚ್ಚಗಿತ್ತೇ, ಅಥವಾ ಹಿಮದ ಗ್ರಹ ಆಗಾಗ ಕರಗುತ್ತಿತ್ತೇ? ಕೆಲವು ಕಣಿವೆಗಳನ್ನು ಹಿಮರಾಶಿಯ ಅಡಿಯ ನೀರೇ ಕೊರೆದಿದೆ ಎಂದು 2020ರ ಲೇಖನವೊಂದು ವಾದಿಸಿದೆ.

ಆ ಗಾಳಿ ಎಲ್ಲಿ ಹೋಯಿತು ಎಂಬುದಕ್ಕೆ ಮಾತ್ರ ಒಂದಿಷ್ಟು ಉತ್ತರ ಸಿಕ್ಕಿದೆ. 2014ರ ಸೆಪ್ಟೆಂಬರಿನ ಒಂದೇ ವಾರದಲ್ಲಿ ಎರಡು ನೌಕೆಗಳು ಮಂಗಳನನ್ನು ಸೇರಿದವು: ಅಮೆರಿಕದ ಮಾವೆನ್ ಮತ್ತು ನಮ್ಮ ಮಂಗಳಯಾನ. ನಮ್ಮ ಬೆಂಗಳೂರಿನಿಂದಲೇ ನಿಯಂತ್ರಿಸುತ್ತಿದ್ದ ಮಂಗಳಯಾನ ಆರು ತಿಂಗಳ ಲೆಕ್ಕದಲ್ಲಿ ಹೋದದ್ದು, 2022ರವರೆಗೆ ದುಡಿಯಿತು. ಬಣ್ಣದ ಕ್ಯಾಮೆರಾದ ಜೊತೆ ಮೇಲ್ಪದರದ ಅನಿಲಗಳನ್ನು ಅಳೆಯುವ ಉಪಕರಣಗಳೂ ಅದರಲ್ಲಿದ್ದವು. ಮಂಗಳನ ವಾಯುಮಂಡಲದ ಬಹುಪಾಲನ್ನು ಸೂರ್ಯನ ಗಾಳಿ ಮತ್ತು ಕಿರಣಗಳು ಬಾಹ್ಯಾಕಾಶಕ್ಕೆ ಒಯ್ದಿವೆ ಎಂದು 2017ರಲ್ಲಿ ಮಾವೆನ್ ತಂಡ ಪ್ರಕಟಿಸಿತು. ಹೊದಿಕೆ ಹೋಯಿತು, ಹೊಳೆ ನಿಂತಿತು.

ಭೂಮಿಯ ಮೇಲೆ ಅಷ್ಟು ಹಳೆಯ ಹೊಳೆಗಳ ಗುರುತು ಎಂದೋ ಅಳಿಸಿಹೋಗಿದೆ. ಇಲ್ಲಿ ಮಳೆ ನಿಲ್ಲಲಿಲ್ಲ, ನೆಲ ಅಲುಗುವುದು ನಿಲ್ಲಲಿಲ್ಲ. ಮಂಗಳನಲ್ಲಿ ಅವು ಉಳಿದದ್ದೇ ಎಲ್ಲವೂ ನಿಂತುಹೋದ ಕಾರಣಕ್ಕೆ. ಮುಂದಿನ ಸಲ ಊರಿಗೆ ಹೋಗುವಾಗ ರೈಲಿನ ಕಿಟಕಿಯಲ್ಲಿ ಒಣ ಹಳ್ಳ ಕಂಡರೆ ಅದರ ಕವಲುಗಳನ್ನು ಎಣಿಸಿ ನೋಡಿ. ಅದಕ್ಕೆ ಇನ್ನೊಂದು ಮಳೆಗಾಲ ಉಂಟು.