ಧ್ವನಿಸಂಕೇತ ಸಾಧನಗಳು (ಮೀನುಗಾರಿಕೆ ದೋಣಿ)

ಮಂಜು, ಬಿರುಮಳೆಗಳಲ್ಲಿ ದೋಣಿಯ ಇರುವನ್ನೂ, ಎದುರುಬದುರಾದಾಗ ಅದು ತಿರುಗುವ ದಿಕ್ಕನ್ನೂ, ಅಪಾಯವನ್ನೂ ಇತರ ನೌಕೆಗಳಿಗೆ ಶಬ್ದದ ಮೂಲಕ ತಿಳಿಸಲು ಕಡಲ ಮೀನುಗಾರರು ಬಳಸುವ ಸೀಟಿ, ಹಾರ್ನ್, ಗಂಟೆ ಮೊದಲಾದ ಉಪಕರಣಗಳು. ಇವುಗಳ ಬಳಕೆ 1972ರಲ್ಲಿ ರೂಪುಗೊಂಡು 1977ರಲ್ಲಿ ಜಾರಿಗೆ ಬಂದ, ಸಮುದ್ರದಲ್ಲಿ ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಗಳಿಗೆ ಒಳಪಟ್ಟಿದೆ. ಕರ್ನಾಟಕ ಕರಾವಳಿಯ ಸಣ್ಣ ನಾಡದೋಣಿಗಳನ್ನು ಒಳಗೊಂಡ, 12 ಮೀಟರಿಗಿಂತ ಕಡಿಮೆ ಉದ್ದದ ನೌಕೆಗಳ ವರ್ಗಕ್ಕೆ ನಿಗದಿತ ಮಟ್ಟದ ಹಾರ್ನ್ ಕಡ್ಡಾಯವಲ್ಲವಾದರೂ ಸಮರ್ಥವಾಗಿ ಶಬ್ದ ಹೊರಡಿಸುವ ಬೇರೊಂದು ಸಾಧನ ಇರಲೇಬೇಕು.

ಒಂದು ಸೆಕೆಂಡಿನಷ್ಟರದು ಗಿಡ್ಡ ಧ್ವನಿ, ನಾಲ್ಕರಿಂದ ಆರು ಸೆಕೆಂಡಿನದು ದೀರ್ಘ ಧ್ವನಿ. ಒಂದು ಗಿಡ್ಡ ಧ್ವನಿ ಬಲಕ್ಕೆ, ಎರಡು ಎಡಕ್ಕೆ ತಿರುಗುವುದನ್ನು, ಮೂರು ಎಂಜಿನ್ ಹಿಮ್ಮುಖವಾಗಿ ನಡೆಯುತ್ತಿರುವುದನ್ನು, ಕನಿಷ್ಠ ಐದು ಎದುರು ನೌಕೆಯ ಉದ್ದೇಶ ಅರ್ಥವಾಗಿಲ್ಲವೆಂಬುದನ್ನು ಸೂಚಿಸುತ್ತವೆ. ಕಣ್ಣು ಹರಿಯದ ವಾತಾವರಣದಲ್ಲಿ ಮೀನುಗಾರಿಕೆಯಲ್ಲಿ ನಿರತವಾದ ನೌಕೆ ಎರಡು ನಿಮಿಷ ಮೀರದ ಅಂತರದಲ್ಲಿ ಒಂದು ದೀರ್ಘ, ಎರಡು ಗಿಡ್ಡ ಧ್ವನಿಗಳನ್ನು ಮಾಡಬೇಕು. 12 ಮೀಟರಿಗಿಂತ ಚಿಕ್ಕದಕ್ಕೆ ಅದೇ ಅಂತರದ ಯಾವುದೇ ಸಮರ್ಥ ಶಬ್ದ ಸಾಕು. ಮಂಜಿನ ಹಾರ್ನನ್ನು ಎಡೆಬಿಡದೆ ಊದುವುದು ಆಪತ್ತಿನ ಕರೆ.

ಸಣ್ಣ ದೋಣಿಗೆ ಹೆಚ್ಚು ಒಗ್ಗುವುದು ಲೈಫ್ ಜಾಕೆಟ್‌ಗೆ ಕಟ್ಟಿದ ಪ್ಲಾಸ್ಟಿಕ್ ಸೀಟಿ. ಬ್ಯಾಟರಿ ಬೇಡ, ತುಕ್ಕು ಹಿಡಿಯದು, ಒಳಗೆ ಗುಂಡಿಲ್ಲದಿದ್ದರೆ ಒದ್ದೆಯಾದರೂ ಕಟ್ಟಿಕೊಳ್ಳದು. ಅನಿಲದ ಡಬ್ಬಿಯ ಹಾರ್ನ್ ಇನ್ನೂ ದೂರ ಕೇಳಿಸಿದರೂ ಅನಿಲ ಮುಗಿದರೆ ನಿರುಪಯೋಗಿ. ಎದುರುಗಾಳಿ ಮತ್ತು ಔಟ್‌ಬೋರ್ಡ್ ಎಂಜಿನ್ನಿನ ಸದ್ದು ಎಲ್ಲ ಸಾಧನಗಳ ವ್ಯಾಪ್ತಿಯನ್ನೂ ಕುಗ್ಗಿಸುತ್ತವೆ.